ಬೋರ್ಡಿನಲ್ಲಿ ಕನ್ನಡ, ಪಥ್ಯದ ಹಾಳೆಯಲ್ಲಿ ‘ಬ್ರಾತ್’

ನಾಮಫಲಕದಲ್ಲಿ ಶೇ. 60ರಷ್ಟು ಜಾಗ ಕನ್ನಡಕ್ಕೆ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಯಿತು. ಬೆಂಗಳೂರಿನ ಆಸ್ಪತ್ರೆಗಳೂ ಬೋರ್ಡು ಬದಲಾಯಿಸಿದವು. ಒಳ್ಳೆಯದೇ. ಆದರೆ ಆ ಬೋರ್ಡಿನ ಕೆಳಗೆ ಒಳಗೆ ಹೋಗಿ, ಜಠರ ಕತ್ತರಿಸಿಕೊಂಡು, ನಾಲ್ಕನೇ ದಿನ ಹೊರಗೆ ಬರುವ ಹಳ್ಳಿ ಹೆಂಗಸಿನ ಕೈಯಲ್ಲಿ ಒಂದು ಹಾಳೆ ಇರುತ್ತದಲ್ಲ, ಮುಂದಿನ ಎರಡು ತಿಂಗಳು ಏನು ಕುಡಿಯಬೇಕು, ಏನು ತಿನ್ನಬಾರದು ಅಂತ ಹೇಳುವ ಹಾಳೆ, ಅದರಲ್ಲಿ ಕನ್ನಡ ಎಷ್ಟಿರುತ್ತದೆ? ನಾನು ಕೈಯಲ್ಲಿ ಹಿಡಿದು ಓದಿದ ಹಾಳೆಯಲ್ಲಿ ಸೊನ್ನೆ.

ಅದರಲ್ಲಿ ಇದ್ದದ್ದು ಇಷ್ಟು: ಮೊದಲ ದಿನಗಳಿಗೆ ‘ಕ್ಲಿಯರ್ ಲಿಕ್ವಿಡ್’. ಅದರ ಕೆಳಗೆ ‘ಬ್ರಾತ್’, ‘ಶುಗರ್ ಫ್ರೀ ಜೆಲ್ಲೋ’, ‘ಡೈಲ್ಯೂಟೆಡ್ ಆಪಲ್ ಜ್ಯೂಸ್’. ಆಮೇಲೆ ‘ಫುಲ್ ಲಿಕ್ವಿಡ್’, ಅಂದರೆ ‘ವೇ ಪ್ರೋಟೀನ್ ಶೇಕ್’, ‘ಸ್ಟ್ರೇನ್ಡ್ ಕ್ರೀಮ್ ಸೂಪ್’. ಎಲ್ಲಾ ಇಂಗ್ಲಿಷಿನಲ್ಲಿ. ಕನಕಪುರ ತಾಲ್ಲೂಕಿನ ಒಂದು ಹಳ್ಳಿಯ ಅಡುಗೆಮನೆಗೆ ಈ ಹಾಳೆ ಹೋಗಬೇಕಿತ್ತು. ಜೆಲ್ಲೋ ಅಂದರೆ ಏನು ಅಂತ ಪತ್ರಿಕೋದ್ಯಮ ಎಂ.ಎ. ಓದಿದ ನಾನೇ ಮೊಬೈಲಿನಲ್ಲಿ ಹುಡುಕಿ ನೋಡಿದೆ.

ಹಾಳೆ ನಮ್ಮ ದೊಡ್ಡಮ್ಮನ ಮಗಳದ್ದು. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವುದು, ಎಲ್ಲಾ ಇತ್ತು. ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಆಯಿತು. ಎರಡು ವಾರ ಆಸ್ಪತ್ರೆಗೆ ಹತ್ತಿರ ಇರಿ ಅಂದಿದ್ದರಿಂದ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಕೆಳಗಿನ ಒಂದು ಗಲ್ಲಿಯಲ್ಲಿ ಅವರ ಚಿಕ್ಕಮ್ಮನ ಮನೆಯಲ್ಲಿ ಇದ್ದರು. 50 ಅಡಿ ರಸ್ತೆಯಿಂದ ಬೆಳಗ್ಗೆಯೇ ದೋಸೆ ವಾಸನೆ ಬರುವ ಜಾಗ. ಒಂದೇ ಕೋಣೆ, ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಮಂಚ. ಮನೆಯವರೆಲ್ಲ ಸಾರು ಕಲಸಿ ಉಣ್ಣುವಾಗ ಈಕೆ ಗೋಡೆ ಕಡೆ ಮುಖ ಮಾಡಿ ಮಲಗಬೇಕು.

ಒಂಬತ್ತನೇ ದಿನ ಅತ್ತೆ ಊರಿಂದ ಬಂದರು. ಸೊಸೆ ಇಳಿದು ಹೋಗಿದ್ದಾಳೆ, ಕಣ್ಣು ಗುಳಿ ಬಿದ್ದಿದೆ. ಹಾಳೆಯಲ್ಲಿ ಏನು ಬರೆದಿದ್ದಾರೆ ಅಂತ ಕೇಳಿದರು. ಗಟ್ಟಿ ಪದಾರ್ಥ ಅಗಿದು ತಿನ್ನಬಾರದು ಅಂತೆ, ಮೆತ್ತಗಿರೋದು, ನೀರಿನಂಥದ್ದು ಅಂತೆ, ಅಂತ ಯಾರೋ ಹೇಳಿದರು. ಅತ್ತೆ ಯೋಚನೆ ಮಾಡಿ ಹೇಳಿದ ಮಾತು ಕೇಳಿ: “ಅಗೀಬಾರ್ದು ತಾನೆ? ಮುದ್ದೆ ಯಾರು ಅಗೀತಾರೆ? ಅದು ನುಂಗೋದು.”

ನಗಬೇಡಿ. ಈ ತರ್ಕದಲ್ಲಿ ಒಂದು ಕೂದಲೆಳೆಯ ತಪ್ಪೂ ಇಲ್ಲ. ಹಳೇ ಮೈಸೂರಿನ ಕಡೆ ಮುದ್ದೆ ಅಗಿದರೆ ನಾಟಿ ಗೊತ್ತಿಲ್ಲದವನು ಅಂತ ನಗುತ್ತಾರೆ. ಹಾಳೆಯಲ್ಲಿ ‘ಮುದ್ದೆ ಬೇಡ’ ಅಂತ ಎಲ್ಲೂ ಇರಲಿಲ್ಲ, ಏಕೆಂದರೆ ಹಾಳೆ ಬರೆದವರ ತಲೆಯಲ್ಲಿ ಮುದ್ದೆ ತಿನ್ನುವ ರೋಗಿಯೇ ಇರಲಿಲ್ಲ. ಗೋಲಿಯಷ್ಟು ತುತ್ತು, ಅದೂ ನಾಲ್ಕೇ ನಾಲ್ಕು. ಆ ರಾತ್ರಿ ಪೂರ್ತಿ ವಾಂತಿ, ಎದೆಯಲ್ಲಿ ಏನೋ ಸಿಕ್ಕಿಕೊಂಡ ನೋವು. ಬೆಳಗಿನ ಜಾವ ಆಟೋದಲ್ಲಿ ಆಸ್ಪತ್ರೆಗೆ. ಸದ್ಯ ಒಳಗೆ ಹೊಲಿಗೆ ಬಿಟ್ಟಿರಲಿಲ್ಲ. ಅಲ್ಲಿ ಕರ್ತವ್ಯದಲ್ಲಿದ್ದವರು ಅತ್ತೆಗೆ ಬೈದರು: ಹೇಳಿದ್ದು ಕೇಳಲ್ಲ ನೀವು ಹಳ್ಳಿಯವರು, ಅಂತ.

ಈ ಲೇಖನ ಬರೆಯಲು ಕೂತದ್ದು ಆ ಬೈಗುಳಕ್ಕೆ ಉತ್ತರವಾಗಿ.

ಮೊದಲು ವಿಷಯ ತಿಳಿದುಕೊಳ್ಳೋಣ, ಏಕೆಂದರೆ ಕಾರಣ ಗೊತ್ತಿದ್ದವರು ಪಥ್ಯ ಮುರಿಯುವುದು ಕಡಿಮೆ. ಈ ಆಪರೇಷನ್‌ಗಳಲ್ಲಿ ಹೆಚ್ಚು ನಡೆಯುವುದು ಎರಡು. ಒಂದು ಸ್ಲೀವ್. ಜಠರವನ್ನು ಉದ್ದಕ್ಕೆ ಕತ್ತರಿಸಿ, ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೇ ತೆಗೆದುಹಾಕಿ, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವಷ್ಟು ಚಿಕ್ಕ ಚೀಲ ಮಾಡಿ ಅದಕ್ಕೆ ಕರುಳನ್ನು ನೇರ ಜೋಡಿಸುತ್ತಾರೆ. ಎರಡರಲ್ಲೂ ಕತ್ತರಿಸಿದ ಅಂಚನ್ನು ಸಣ್ಣ ಸಣ್ಣ ಪಿನ್ನು ಹೊಡೆದು ಮುಚ್ಚಿರುತ್ತಾರೆ. ಆ ಅಂಚು ಗಟ್ಟಿಯಾಗಿ ಕೂಡಿಕೊಳ್ಳಲು ವಾರಗಳು ಬೇಕು. ಅಷ್ಟರಲ್ಲಿ ಗಟ್ಟಿ ಪದಾರ್ಥ ಹೋಗಿ ಒಳಗೆ ಒತ್ತಡ ಬಿದ್ದರೆ ಅಂಚಿಗೆ ಅಪಾಯ. ಅಲ್ಲಿಂದ ಸೋರಿ ಹೊಟ್ಟೆಯೊಳಗೆ ಹರಡಿದರೆ ಜೀವಕ್ಕೇ ಅಪಾಯ. ಊತ ಇರುವುದರಿಂದ ದಾರಿಯೂ ಇಕ್ಕಟ್ಟು, ಮುದ್ದೆಯಂಥದ್ದು ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ.

ಅದಕ್ಕೇ ಹಂತ ಹಂತವಾಗಿ ಹೋಗುತ್ತಾರೆ. ಒಂದೆರಡು ದಿನ ತಿಳಿ ನೀರಿನಂಥದ್ದು. ಎರಡು ವಾರದ ತನಕ ಹಾಲು ಮಜ್ಜಿಗೆಯಂಥ ದ್ರವ. ತಿಂಗಳ ತನಕ ನುಣ್ಣಗೆ ರುಬ್ಬಿದ್ದು. ಆಮೇಲೆ ಮೆತ್ತನೆಯದು. ಮಾಮೂಲಿ ಊಟಕ್ಕೆ ಬರುವಷ್ಟರಲ್ಲಿ ಆರರಿಂದ ಎಂಟು ವಾರ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ನಿಮ್ಮ ಡಾಕ್ಟರು ಹೇಳಿದ್ದೇ ಲೆಕ್ಕ. ಆಪರೇಷನ್‌ಗೆ ಮೊದಲೂ ಎರಡು ವಾರ ಇಂಥದ್ದೇ ಪಥ್ಯ ಹೇಳುವುದುಂಟು, ಲಿವರ್‌ನ ಕೊಬ್ಬು ಕರಗಿ ಅದು ಕುಗ್ಗಲಿ, ಕೆಲಸ ಮಾಡಲು ಜಾಗ ಸಿಗಲಿ ಅಂತ.

ಈಗ ಲೆಕ್ಕಕ್ಕೆ ಬನ್ನಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಒಳಗೆ ಹೋಗಬೇಕು. ಒಂದು ಸಲಕ್ಕೆ ಹಿಡಿಯುವುದು ಎರಡು ದೊಡ್ಡ ಚಮಚ, ಅಂದರೆ 30 ಮಿಲಿ. ಕಾಲು ಗಂಟೆಗೊಮ್ಮೆ 30 ಮಿಲಿ ಗುಟುಕರಿಸಿದರೆ, ಎಚ್ಚರ ಇರುವ 15 ಗಂಟೆಯಲ್ಲಿ 60 ಸಲ, ಒಟ್ಟು 1800 ಮಿಲಿ. ಬೇರೆ ಕೆಲಸ ಏನೂ ಇಟ್ಟುಕೊಳ್ಳದೆ ದಿನವಿಡೀ ಲೋಟ ಹಿಡಿದು ಕೂತರೆ ಮಾತ್ರ ಆಗುವ ಲೆಕ್ಕ ಇದು. ಗಟಗಟ ಕುಡಿಯುವ ಹಾಗಿಲ್ಲ, ಸೋಡಾ ಕುಡಿಯುವ ಹಾಗಿಲ್ಲ, ಸ್ಟ್ರಾ ಬೇಡ ಅಂತಾರೆ, ಗಾಳಿ ಒಳಗೆ ಹೋಗುತ್ತೆ ಅಂತ. ಹಸು ಕರೆಯುವ, ರೇಷ್ಮೆ ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವ ಹೆಂಗಸಿಗೆ ಇಂಥ ಎರಡು ವಾರ ಬಿಡುವು ಕೊಡುವವರು ಯಾರು? ‘ಮೂರೇ ದಿನದಲ್ಲಿ ಮನೆಗೆ, ಬೇಗ ಕೆಲಸಕ್ಕೆ’ ಅನ್ನುವ ಜಾಹೀರಾತು ಈ ಪ್ರಶ್ನೆ ಕೇಳುವುದಿಲ್ಲ. ಮನೆಗೆ ಕಳಿಸುವುದು ಆಸ್ಪತ್ರೆಗೆ ಸುಲಭ. ಕಷ್ಟದ ಭಾಗ ಶುರುವಾಗುವುದೇ ಮನೆಯಲ್ಲಿ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಸ್ಲೀವ್ ಆದವರಿಗೆ ಹೊಟ್ಟೆಯ ಹಸಿವು ಅಷ್ಟಾಗಿ ಇರುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಬಹುಪಾಲು ತಯಾರಾಗುವುದು ಜಠರದ ಮೇಲ್ಭಾಗದಲ್ಲಿ, ಆ ಭಾಗವೇ ಹೋಗಿರುತ್ತದೆ. ಆದರೆ ಬಾಯಿಗೆ ಅದು ಗೊತ್ತಿಲ್ಲ. ಹಲ್ಲಿಗೆ ಏನಾದರೂ ಕಡಿಯಬೇಕು, ನಾಲಿಗೆಗೆ ಉಪ್ಪು ಖಾರ ಬೇಕು. ನಮ್ಮಕ್ಕ ಹೇಳಿದ್ದು: “ಹೊಟ್ಟೆ ಸುಮ್ನಿತ್ತು ಕಣೋ, ಬಾಯಿ ಅಳ್ತಿತ್ತು.” ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ, ನನಗೇನೋ ಆಗಿದೆ, ಮನಸ್ಸು ಕೆಟ್ಟಿದೆ ಅಂತ ಆಕೆ ರಾತ್ರಿಯೆಲ್ಲ ಹೆದರುತ್ತಿರಲಿಲ್ಲ. ಇದಕ್ಕೆ ಖರ್ಚಾಗುವುದು ಎರಡು ನಿಮಿಷದ ಮಾತು.

ಆಸ್ಪತ್ರೆಯವರ ಉತ್ತರ ನನಗೆ ಗೊತ್ತು. ಹಾಳೆ ಇಂಗ್ಲಿಷಿನಲ್ಲಿದ್ದರೇನು, ಡಯೆಟಿಷಿಯನ್ ಬಾಯಲ್ಲಿ ಕನ್ನಡದಲ್ಲೇ ವಿವರಿಸುತ್ತಾರೆ, ಅಂತಾರೆ. ನಿಜ, ವಿವರಿಸುತ್ತಾರೆ. ಯಾವಾಗ? ಡಿಸ್ಚಾರ್ಜ್ ದಿನ. ರೋಗಿ ನೋವಿನ ಔಷಧಿಯ ಮಂಪರಿನಲ್ಲಿರುತ್ತಾಳೆ. ಕೇಳಿಸಿಕೊಳ್ಳಬೇಕಾದ ಗಂಡ ಬಿಲ್ ಕೌಂಟರಿನಲ್ಲಿ ಇನ್ಶೂರೆನ್ಸ್‌ನವರ ಫೋನಿಗೆ ಕಾಯುತ್ತಿರುತ್ತಾನೆ. ಅಡುಗೆ ಮಾಡುವ ಅತ್ತೆ ಊರಲ್ಲಿ. ಹೇಳಿದ್ದು ಕೇಳಲ್ಲ ಅಂತ ಬೈಸಿಕೊಂಡದ್ದು, ಹೇಳಿದಾಗ ಅಲ್ಲಿ ಇರದಿದ್ದವರು!

ಹಾಳೆ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ದ್ರವದ ಪಥ್ಯ ನಮ್ಮ ಊಟದಲ್ಲೇ ಇದೆ. ತಿಳಿ ಮಜ್ಜಿಗೆ, ಬೇಳೆಕಟ್ಟು, ಹುರುಳಿಕಟ್ಟು, ಬಸ್ಸಾರಿಗೆ ಬಸಿದ ನೀರು, ಅಂಬಲಿ, ಗಂಜಿ, ಎಳನೀರು, ಕಾಲು ಸೂಪು. ‘ಬ್ರಾತ್’ ಅಂದರೆ ಕಟ್ಟು ಮತ್ತು ಸೂಪು, ಅಷ್ಟೇ. ಆದರೆ ಹೆಸರು ಕನ್ನಡಕ್ಕೆ ತಂದರೆ ಸಾಲದು, ನಮ್ಮ ನಂಬಿಕೆಗಳನ್ನೂ ಎದುರಿಸಬೇಕು. ಉದಾಹರಣೆಗೆ, ಕಾಳಿನ ಶಕ್ತಿಯೆಲ್ಲ ಕಟ್ಟಿನಲ್ಲಿ ಇಳಿದಿರುತ್ತದೆ ಅಂತ ನಮ್ಮಜ್ಜಿಯರು ಹೇಳುತ್ತಾರೆ. ರುಚಿ ಇಳಿಯುತ್ತದೆ, ಸ್ವಲ್ಪ ಸಾರವೂ ಇಳಿಯುತ್ತದೆ, ಪ್ರೋಟೀನ್ ಮಾತ್ರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಗಂಜಿ ಬರೀ ಪಿಷ್ಟ. ರಾಗಿಯಲ್ಲಿ ಸುಣ್ಣದಂಶ ಜಾಸ್ತಿ, ಪ್ರೋಟೀನ್ 100 ಗ್ರಾಂ ಹಿಟ್ಟಿಗೆ 7 ಗ್ರಾಂ ಆಸುಪಾಸು, ಅದೂ ನೀರು ಬೆರೆಸಿದ ಅಂಬಲಿಯಲ್ಲಿ ಇನ್ನೆಷ್ಟು ಬರುತ್ತದೆ?

ಈ ರೋಗಿಗಳಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ವೈದ್ಯರು ಹೇಳುತ್ತಾರೆ. ಸಾಲದೆ ಹೋದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮೂರು ತಿಂಗಳಾದ ಮೇಲೆ ಉದುರುವ ಕೂದಲು ಇನ್ನೂ ಹೆಚ್ಚು ಉದುರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ. ಕೆನೆ ತೆಗೆದ ಹಾಲಿನ ಪುಡಿ 50 ಗ್ರಾಂ ಕಲಸಿದರೆ ಇನ್ನೊಂದು 17 ಗ್ರಾಂ. ಗಟ್ಟಿ ಮೊಸರಿನ ಮಜ್ಜಿಗೆ ಸೇರಿಸಿದರೂ 40 ದಾಟುವುದು ಕಷ್ಟ. ಹಾಗಾಗಿ ಮೊದಲ ವಾರಗಳಲ್ಲಿ ಪ್ರೋಟೀನ್ ಪುಡಿ ನಿಜಕ್ಕೂ ಬೇಕಾಗುತ್ತದೆ, ಅದು ಮೆಡಿಕಲ್ ಅಂಗಡಿಯವರ ಮಸಲತ್ತು ಅಂತ ತಳ್ಳಿಹಾಕಬೇಡಿ. ಆದರೆ ಅದು ದುಬಾರಿ, ದುಬಾರಿ ಅಂತಲೇ ಮೂರನೇ ದಿನಕ್ಕೆ ಡಬ್ಬಿ ಖಾಲಿಯಾದಾಗ ಮನೆಯವರು ಬೇರೆ ಡಬ್ಬಿ ತರುತ್ತಾರೆ, ಮಕ್ಕಳಿಗೆ ಹಾಲಿಗೆ ಹಾಕುವ ಚಾಕೊಲೇಟ್ ಪುಡಿ. ಅದರಲ್ಲಿ ಸಕ್ಕರೆ ಜಾಸ್ತಿ. ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಅಂತ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಹೇಳಿದ್ದು ಸುಮ್ಮನೆ ಅಲ್ಲ. ಹಳ್ಳಿ ಅಂಗಡಿಯಲ್ಲಿ ಅದು ಇವತ್ತಿಗೂ ಶಕ್ತಿಯ ಪುಡಿಯೇ. ಬೈಪಾಸ್ ಆದವರು ಸಕ್ಕರೆ ಪಾನಕವನ್ನೋ ಬೆಲ್ಲದ ಪಾನಕವನ್ನೋ ಕುಡಿದರೆ ಅದು ದಡದಡ ಕರುಳಿಗೆ ಇಳಿದು ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಎಲ್ಲಾ ಒಟ್ಟಿಗೆ ಬರುತ್ತದೆ. ಸುಸ್ತಾದವರಿಗೆ ನಾವು ಮೊದಲು ಕೊಡುವುದೇ ಬೆಲ್ಲದ ನೀರು!

ಈಗ ಎಲ್ಲಕ್ಕಿಂತ ಗಂಭೀರವಾದ ಮಾತು. ಪಥ್ಯದ ವಾರಗಳಲ್ಲಿ ವಾಂತಿ ನಿಲ್ಲದೆ ಸುಸ್ತಾದರೆ ನಮ್ಮೂರಲ್ಲಿ ಏನು ಮಾಡುತ್ತೇವೆ? ಹೋಬಳಿಯ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸುತ್ತೇವೆ. ಈ ರೋಗಿಗಳಲ್ಲಿ ಅದೇ ಅಪಾಯ ಆಗಬಹುದು. ಬಿ1 ಜೀವಸತ್ವ ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ದಾಸ್ತಾನು ಇರುತ್ತದೆ. ಊಟ ಇಲ್ಲ, ಕುಡಿದದ್ದೆಲ್ಲ ವಾಂತಿ ಅಂದರೆ ಅದು ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು, ಮರೆವು. ತಡ ಮಾಡಿದರೆ ಮತ್ತೆ ಸರಿಹೋಗದಂತೆ ಉಳಿಯಬಹುದು. ಮೊದಲು ಬಿ1 ಚುಚ್ಚುಮದ್ದು, ಆಮೇಲೆ ಗ್ಲೂಕೋಸ್: ವೈದ್ಯಕೀಯ ಪುಸ್ತಕದಲ್ಲಿರುವ ಮಾತು ಇದು. ಆದರೆ ಎದುರಿಗೆ ಮಲಗಿರುವ ಹೆಂಗಸಿಗೆ ಆರು ವಾರದ ಹಿಂದೆ ಬೆಂಗಳೂರಿನಲ್ಲಿ ಏನು ಆಪರೇಷನ್ ಆಗಿದೆ ಅಂತ ಹೋಬಳಿ ಡಾಕ್ಟರಿಗೆ ಹೇಳುವವರು ಯಾರು? ಆಕೆ ‘ಹೊಟ್ಟೆ ಆಪರೇಷನ್’ ಅಂತಾಳೆ. ಅವರು ಮಕ್ಕಳಾಗದ ಆಪರೇಷನ್ ಅಂದುಕೊಳ್ಳುತ್ತಾರೆ.

ಸಕ್ಕರೆ ಕಾಯಿಲೆಯ ಔಷಧಿಯದ್ದೂ ಇದೇ ಕತೆ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಎಷ್ಟೋ ಜನರಿಗೆ ಸಕ್ಕರೆ ಧಡಕ್ಕನೆ ಇಳಿಯುತ್ತದೆ. ಹಳೇ ಚೀಟಿಯ ಪ್ರಕಾರವೇ ಇನ್ಸುಲಿನ್ ಚುಚ್ಚಿಕೊಂಡು, ದಿನವೆಲ್ಲಾ ಮಜ್ಜಿಗೆ ಕುಡಿದರೆ ಪ್ರಜ್ಞೆ ತಪ್ಪುತ್ತದೆ. ಮೈಕೈ ನೋವಿಗೆ ಹಾಕಿಸುವ ಇಂಜೆಕ್ಷನ್ನು, ನೋವಿನ ಮಾತ್ರೆ ಕೂಡ ಹಾಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಬೈಪಾಸ್ ಆದವರ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ಜೀವಸತ್ವ ಜೀವನಪರ್ಯಂತ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ರಕ್ತಹೀನತೆ ಇರುವವರೇ. ಅಂಥವರ ಜಠರ ಕತ್ತರಿಸಿ, ಮಾತ್ರೆಯ ಹೆಸರು ಬರೆದ ಚೀಟಿ ಕೊಟ್ಟು, ಆರು ತಿಂಗಳಿಗೆ ಬನ್ನಿ ಅಂದರೆ ಮುಗಿಯಿತೆ?

ಇಷ್ಟು ಓದಿದ ಮೇಲೆ ಕೆಲವರು ಹೇಳುತ್ತಾರೆ: ಈ ಸಹವಾಸವೇ ಬೇಡ, ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಿದರೆ ತೂಕ ತಾನಾಗಿ ಇಳಿಯುತ್ತೆ, ಇದೆಲ್ಲ ಪೇಟೆಯವರ ಶೋಕಿ. ಇವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಅದೇ ಸಮೀಕ್ಷೆ ನೋಡಿ, ರಾಜ್ಯದಲ್ಲಿ ನೂರಕ್ಕೆ ಸುಮಾರು 30 ಮಂದಿ ವಯಸ್ಕರು ಅಧಿಕ ತೂಕದವರು, ಗಂಡಸರೂ ಹೆಂಗಸರೂ. ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಬಹಳ ಕಡಿಮೆ ಜನಕ್ಕೆ ಬೇಕು. ಆದರೆ ಬೇಕಾದವರಿಗೆ ಅದು ಶೋಕಿಯಲ್ಲ. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಇದನ್ನು ಚಿಕಿತ್ಸೆ ಅಂತ ಒಪ್ಪಿದೆ: ಬಿಎಂಐ 40 ಅಥವಾ ಮೇಲಿದ್ದರೆ, ಇಲ್ಲವೇ 35 ಇದ್ದು ಜೊತೆಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯಂಥ ಗಂಭೀರ ಕಾಯಿಲೆ ಇದ್ದರೆ, ಬೇರೆ ದಾರಿಗಳೆಲ್ಲ ಸೋತಿದ್ದರೆ. ನಮ್ಮಕ್ಕ ಹದಿನೈದು ವರ್ಷ ಗದ್ದೆಯಲ್ಲಿ ಬಗ್ಗಿದವಳೇ. ‘ತಿಂದು ತಿಂದು ಬೆಳೆಸಿಕೊಂಡ್ಳು, ಈಗ ಕುಯ್ಸಿಕೊಂಡ್ಳು’ ಅಂತ ಮದುವೆಮನೆಯಲ್ಲಿ ಆಡಿಕೊಳ್ಳುವ ಬಾಯಿಗಳಿಗೆ ಹೆದರಿ ಎಷ್ಟೋ ಜನ ಆಪರೇಷನ್ ಆದ ಸುದ್ದಿಯನ್ನೇ ಮುಚ್ಚಿಡುತ್ತಾರೆ. ಮುಚ್ಚಿಟ್ಟವರಿಗೆ ಬಲವಂತದ ಊಟ ತಪ್ಪುವುದಿಲ್ಲ, ಹೋಬಳಿ ಡಾಕ್ಟರಿಗೂ ವಿಷಯ ಗೊತ್ತಾಗುವುದಿಲ್ಲ.

ನಮ್ಮ ಸುದ್ದಿಮನೆಗಳೂ ಕಮ್ಮಿಯಿಲ್ಲ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ತೀರಿಕೊಂಡಾಗ ಟಿ.ವಿ.ಗಳಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಚರ್ಮದ ಕೆಳಗಿನ ಕೊಬ್ಬು ಹೀರುವುದು ಬೇರೆ, ಜಠರದ ಆಪರೇಷನ್ ಬೇರೆ ಅಂತ ಬಿಡಿಸಿ ಹೇಳಿದವರು ಎಷ್ಟು ಜನ? ಸತ್ತರೆ ಸುದ್ದಿ, ಸಣ್ಣಗಾದರೆ ‘ಮೊದಲು-ಆಮೇಲೆ’ ಫೋಟೊ. ನಡುವಿನ ಎಂಟು ವಾರದ ಬದುಕು ಯಾವ ಕಾರ್ಯಕ್ರಮಕ್ಕೂ ಬೇಕಾಗಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ದರಪಟ್ಟಿ ಹಾಕಬೇಕು, ರೋಗಿಗಳ ಹಕ್ಕು ಗೌರವಿಸಬೇಕು ಅಂತ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಕರ್ನಾಟಕದಲ್ಲಿ 2007ರಿಂದ ಕಾಯ್ದೆಯೇ ಇದೆ, ಆಮೇಲೆ ತಿದ್ದುಪಡಿಯೂ ಆಗಿದೆ. ಅದರ ಜೊತೆಗೆ ಎರಡು ಹಾಳೆ ಕಡ್ಡಾಯ ಮಾಡಲಿ. ಒಂದು ಅಡುಗೆ ಮಾಡುವವರಿಗೆ, ಕನ್ನಡದಲ್ಲಿ, ಮುದ್ದೆ, ಅನ್ನ, ಚಪಾತಿ, ಅವಲಕ್ಕಿ, ಬಾಡು ಅಂತ ಹೆಸರು ಹಿಡಿದು ಯಾವ ವಾರ ಯಾವುದು ಅಂತ ಹೇಳುವ ಹಾಳೆ, ಆಪರೇಷನ್‌ಗೆ ಮೊದಲೇ ಕೈಗೆ ಬರಬೇಕು. ಇನ್ನೊಂದು ಊರಿನ ಡಾಕ್ಟರಿಗೆ, ಅದು ಇಂಗ್ಲಿಷಿನಲ್ಲೇ ಇರಲಿ: ಏನು ಆಪರೇಷನ್ ಆಗಿದೆ, ವಾಂತಿಗೆ ಬಿ1 ಇಲ್ಲದೆ ಗ್ಲೂಕೋಸ್ ಬೇಡ, ಯಾವ ನೋವಿನ ಔಷಧಿ ಬೇಡ, ಸಕ್ಕರೆ ಔಷಧಿಯ ಹೊಸ ಪ್ರಮಾಣ ಎಷ್ಟು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು. ಲಕ್ಷಗಟ್ಟಲೆ ಬಿಲ್ಲಿನಲ್ಲಿ ಎರಡು ಹಾಳೆ ಜೆರಾಕ್ಸಿನ ಖರ್ಚು ಎಷ್ಟಾದೀತು? ಕಾನೂನು ಬರುವ ತನಕ ನೀವೇ ಕೇಳಿ. ಸಹಿ ಹಾಕುವ ಮೊದಲು ಕೇಳಿ, ಆಮೇಲಲ್ಲ. ಡಯೆಟಿಷಿಯನ್ ಮಾತಾಡುವಾಗ ಊರಿನಲ್ಲಿ ಅಡುಗೆ ಮಾಡುವವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ, ಇಲ್ಲವೇ ರೆಕಾರ್ಡ್ ಮಾಡಿಕೊಂಡು ಕಳಿಸಿ.

ಮನೆಯಲ್ಲಿ ಈಗಾಗಲೇ ಇಂಥ ಪಥ್ಯದಲ್ಲಿರುವವರು ಇದ್ದರೆ ಈ ಕೊನೆಯ ಭಾಗವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜ್ವರ, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 120 ದಾಟುವ ಎದೆಬಡಿತ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಎಡ ಭುಜದ ನೋವು, ಉಸಿರಾಡಲು ಕಷ್ಟ, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆಪರೇಷನ್ ಆದ ಆಸ್ಪತ್ರೆಗೇ ಹೊರಡಿ, ದೂರ ಅನ್ನಿಸಿದರೆ 108ಕ್ಕೆ ಫೋನ್ ಮಾಡಿ ಜಿಲ್ಲಾಸ್ಪತ್ರೆಗೆ. ಒಂದು ದಿನ ಪೂರ್ತಿ ನೀರೂ ಒಳಗೆ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಗೆ ತಿರುಗಿದರೆ, ಕಣ್ಣು ಮಂಜಾದರೆ ಕೂಡ ಹಾಗೇ. ಹೋದಲ್ಲಿ ಮೊದಲ ಮಾತೇ ಇದಾಗಿರಲಿ: “ತೂಕ ಇಳಿಸೋ ಆಪರೇಷನ್ ಆಗಿದೆ, ಜಠರ ಕಟ್ ಮಾಡಿದ್ದಾರೆ, ಇಷ್ಟು ದಿನ ಆಯ್ತು.” ಡಿಸ್ಚಾರ್ಜ್ ಕಾಗದದ ಫೋಟೊ ನಿಮ್ಮ ಮೊಬೈಲಿನಲ್ಲೂ, ಅತ್ತೆಯ ಮೊಬೈಲಿನಲ್ಲೂ ಇರಲಿ.